ಕಾಕ್‌ಪಿಟ್‌ನಲ್ಲಿ ಕೂತು ರನ್‌ವೇ ದೀಪ ಹಚ್ಚುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

"ಸರ್, ಏಳು ಸಲ ಒತ್ತಿದೆ. ಲೈಟ್ ಬರಲೇ ಇಲ್ಲ."

ಅಮೆರಿಕಕ್ಕೆ ಪೈಲಟ್ ತರಬೇತಿಗೆ ಬರುವ ನಮ್ಮ ಹುಡುಗ ಹುಡುಗಿಯರ ಬಾಯಲ್ಲಿ ನಾನು ಮತ್ತೆ ಮತ್ತೆ ಕೇಳುವ ಮಾತು ಇದು. ಊರಲ್ಲಿ ರನ್‌ವೇ ದೀಪ ನೋಡಿಕೊಳ್ಳುವವರು ಏರ್‌ಪೋರ್ಟ್‌ನವರು. ಪೈಲಟ್‌ಗೆ ಅದರ ಯೋಚನೆಯೇ ಇರುವುದಿಲ್ಲ. ಅಮೆರಿಕದ ಸಣ್ಣ ಏರ್‌ಪೋರ್ಟ್‌ಗಳಲ್ಲಿ ಹಾಗಲ್ಲ. ರಾತ್ರಿ ಅಲ್ಲಿ ಟವರ್ ಇರುವುದಿಲ್ಲ, ಆಫೀಸಿಗೆ ಬೀಗ ಬಿದ್ದಿರುತ್ತದೆ, ರನ್‌ವೇ ಕತ್ತಲಲ್ಲಿರುತ್ತದೆ. ಇಳಿಯಲು ಬಂದವರೇ ವಿಮಾನದ ರೇಡಿಯೋ ಬಟನ್ ಒತ್ತಿ ದೀಪ ಹಚ್ಚಿಕೊಳ್ಳಬೇಕು. ಇದಕ್ಕೆ ಪೈಲಟ್ ಕಂಟ್ರೋಲ್ಡ್ ಲೈಟಿಂಗ್ ಅಂತ ಹೆಸರು, ಚಿಕ್ಕದಾಗಿ ಪಿಸಿಎಲ್.

ದೀಪ ಬರದಿದ್ದಾಗ ಎಲ್ಲರೂ ಮೊದಲು ದೂರುವುದು ದೀಪವನ್ನೇ. ನಾನು ಪಕ್ಕದ ಸೀಟಿನಲ್ಲಿ ಕೂತು ನೋಡಿದ ಮಟ್ಟಿಗೆ ತಪ್ಪು ಹೆಚ್ಚಿನ ಸಲ ಕಾಕ್‌ಪಿಟ್‌ನಲ್ಲೇ ಇರುತ್ತದೆ. ಬೇರೆ ರೇಡಿಯೋದಲ್ಲಿ ಒತ್ತಿರುತ್ತಾರೆ, ಬೇರೆ ಫ್ರೀಕ್ವೆನ್ಸಿಯಲ್ಲಿ ಒತ್ತಿರುತ್ತಾರೆ, ಇಲ್ಲವೇ ತೀರಾ ದೂರದಿಂದ ಒತ್ತಿರುತ್ತಾರೆ. ಕೆಲಸ ಸುಲಭ, ಆದರೆ ಅದಕ್ಕೊಂದು ಕ್ರಮ ಇದೆ. ಆ ಕ್ರಮವನ್ನೇ ಇಲ್ಲಿ ಬಿಡಿಸಿ ಬರೆದಿದ್ದೇನೆ. ಇದು ಅಮೆರಿಕದ ಪದ್ಧತಿ. ಬೇರೆ ದೇಶಗಳ ವ್ಯತ್ಯಾಸ ಕೊನೆಯಲ್ಲಿದೆ.

## ಮೊದಲು ಇಷ್ಟು ತಿಳಿದಿರಲಿ

ರನ್‌ವೇ ಪಕ್ಕದ ಒಂದು ಸಣ್ಣ ಕೋಣೆಯಲ್ಲಿ ರೇಡಿಯೋ ರಿಸೀವರ್ ಇರುತ್ತದೆ. ಅದಕ್ಕೆ ನಿಮ್ಮ ಮಾತು ಬೇಕಿಲ್ಲ. ನೀವು ಪಿಟಿಟಿ ಬಟನ್, ಅಂದರೆ ಯೋಕ್ (ವಿಮಾನದ ಸ್ಟೀರಿಂಗ್) ಮೇಲಿನ ಮಾತಾಡುವ ಬಟನ್ ಒತ್ತಿದ ಕೂಡಲೇ ರೇಡಿಯೋದಿಂದ ಅಲೆ ಹೊರಡುತ್ತದೆ, ಬಿಟ್ಟ ಕೂಡಲೇ ನಿಲ್ಲುತ್ತದೆ. ರಿಸೀವರ್ ಎಣಿಸುವುದು ಈ ಒತ್ತು-ಬಿಡುಗಳನ್ನು ಮಾತ್ರ.

5 ಸೆಕೆಂಡಿನೊಳಗೆ 3 ಸಲ ಒತ್ತಿದರೆ ಕಡಿಮೆ ಬೆಳಕು. 5 ಸಲ ಒತ್ತಿದರೆ ಮಧ್ಯಮ. 7 ಸಲ ಒತ್ತಿದರೆ ಪೂರ್ತಿ ಬೆಳಕು. ಹೊತ್ತಿದ ದೀಪ 15 ನಿಮಿಷ ಇದ್ದು ತಾನಾಗಿ ಆರುತ್ತದೆ. ನಡುವೆ ಮತ್ತೆ ಒತ್ತಿದರೆ ಆ ಕ್ಷಣದಿಂದ ಹೊಸದಾಗಿ 15 ನಿಮಿಷ ಶುರು.

ಎಣಿಕೆ ಸರಿಯಾದರೆ ರಿಸೀವರ್ ಪಕ್ಕದ ರೆಗ್ಯುಲೇಟರ್‌ಗೆ, ಅಂದರೆ ದೀಪಗಳಿಗೆ ಹೋಗುವ ಕರೆಂಟ್ ಏರಿಸಿ ಇಳಿಸುವ ಯಂತ್ರಕ್ಕೆ ಆಜ್ಞೆ ಕೊಡುತ್ತದೆ. ರನ್‌ವೇ ಅಂಚಿನ ದೀಪಗಳೆಲ್ಲ ಒಂದೇ ಸರಣಿಯಲ್ಲಿ ಪೋಣಿಸಿದ ಹಾಗೆ ಇರುತ್ತವೆ. ಮೂರು ಹಂತದ ರೆಗ್ಯುಲೇಟರ್ ಆದರೆ ಆ ಸರಣಿಗೆ 4.8, 5.5 ಅಥವಾ 6.6 ಆಂಪಿಯರ್ ಕರೆಂಟ್ ಬಿಡುತ್ತದೆ. ಕರೆಂಟಿನ ವ್ಯತ್ಯಾಸ ಸಣ್ಣದು, ಬೆಳಕಿನ ವ್ಯತ್ಯಾಸ ದೊಡ್ಡದು: ಸುಮಾರು 10%, 30%, 100%. ಅದಕ್ಕೇ 3 ಸಲ ಒತ್ತಿ ದೂರದಿಂದ ಹುಡುಕಿದರೆ ರನ್‌ವೇ ಕಣ್ಣಿಗೇ ಬೀಳುವುದಿಲ್ಲ.

## ಏನೇನು ಬೇಕು

ಚಾರ್ಟ್ ಸಪ್ಲಿಮೆಂಟ್, ಅಂದರೆ ಏರ್‌ಪೋರ್ಟ್‌ಗಳ ವಿವರ ಇರುವ ಸರ್ಕಾರಿ ಪುಸ್ತಕದಲ್ಲಿ ಆ ಏರ್‌ಪೋರ್ಟಿನ ಪುಟ ಬೇಕು, ಹಳೆಯದಲ್ಲ, ಈಗ ಚಾಲ್ತಿಯಲ್ಲಿರುವುದು. ಅವತ್ತಿನ ನೋಟಾಮ್‌ಗಳು (ಪೈಲಟ್‌ಗಳಿಗೆ ಹೊರಡಿಸುವ ಎಚ್ಚರಿಕೆ ಸೂಚನೆಗಳು), ತೊಡೆಗೆ ಕಟ್ಟುವ ನೀಬೋರ್ಡ್, ಪೆನ್ಸಿಲ್, ಬೆಳಕು ತಗ್ಗಿಸಬಹುದಾದ ಟಾರ್ಚ್, ಒಂದು ಟೈಮರ್. ಟ್ರಾನ್ಸ್‌ಪಾಂಡರ್‌ನಲ್ಲಿರುವ (ವಿಮಾನದ ಗುರುತನ್ನು ರೇಡಾರ್‌ಗೆ ಕಳಿಸುವ ಪೆಟ್ಟಿಗೆ) ಟೈಮರ್ ಸಾಕು. ಕೈಯಲ್ಲಿ ಹಿಡಿಯುವ ಬ್ಯಾಟರಿ ರೇಡಿಯೋ ಒಂದು ಚೀಲದಲ್ಲಿದ್ದರೆ ತುಂಬಾ ಒಳ್ಳೆಯದು. ವಿಮಾನದ ಕರೆಂಟ್ ಪೂರ್ತಿ ಹೋದ ರಾತ್ರಿಯಲ್ಲಿ ರನ್‌ವೇ ದೀಪ ಹಚ್ಚಲು ನಿಮಗೆ ಉಳಿಯುವುದು ಅದೊಂದೇ. ಬ್ಯಾಟರಿ ಚಾರ್ಜ್ ಆಗಿದೆಯಾ ಅಂತ ಹೊರಡುವ ಮುಂಚೆ ನೋಡಿ.

## ಹಂತ 1: ಹೊರಡುವ ಮುಂಚೆ ಪುಟ ಓದಿ

ಸೆಕ್ಷನಲ್ ಚಾರ್ಟ್‌ನಲ್ಲಿ, ಅಂದರೆ ಪೈಲಟ್‌ಗಳ ನಕ್ಷೆಯಲ್ಲಿ, ಏರ್‌ಪೋರ್ಟ್ ಹೆಸರಿನ ಕೆಳಗೆ ಎಲ್ ಅಕ್ಷರ ಇದ್ದರೆ ಅಲ್ಲಿ ದೀಪ ಇದೆ ಎಂದರ್ಥ. ಎಲ್ ಪಕ್ಕ ನಕ್ಷತ್ರ ಚಿಹ್ನೆ ಇದ್ದರೆ ದೀಪಕ್ಕೆ ಏನೋ ಷರತ್ತು ಇದೆ, ಚಾರ್ಟ್ ಸಪ್ಲಿಮೆಂಟ್ ತೆಗೆದು ನೋಡಿ ಎಂದರ್ಥ. ಇನ್‌ಸ್ಟ್ರುಮೆಂಟ್ ಅಪ್ರೋಚ್ ಚಾರ್ಟ್‌ನಲ್ಲಿ (ಉಪಕರಣ ನೋಡಿಕೊಂಡು ಇಳಿಯುವ ದಾರಿಯ ನಕ್ಷೆ) ಫ್ರೀಕ್ವೆನ್ಸಿಯ ಪಕ್ಕ ಕಪ್ಪು ವೃತ್ತದೊಳಗೆ ಬಿಳಿ ಎಲ್ ಕಾಣುತ್ತದೆ.

ಚಾರ್ಟ್ ಸಪ್ಲಿಮೆಂಟ್‌ನಲ್ಲಿ ಸಾಲು ಹೀಗಿರುತ್ತದೆ: "ಆಕ್ಟಿವೇಟ್ ಎಂಐಆರ್‌ಎಲ್ ರನ್‌ವೇ 09–27, ಪಾಪಿ, ರೀಲ್ – ಸಿಟಿಎಎಫ್." ಎಂಐಆರ್‌ಎಲ್ ಅಂದರೆ ಮಧ್ಯಮ ಶಕ್ತಿಯ ಅಂಚಿನ ದೀಪ. ಪಾಪಿ ಅಂದರೆ ಇಳಿಯುವ ಕೋನ ತೋರಿಸುವ ನಾಲ್ಕು ದೀಪ. ರೀಲ್ ಅಂದರೆ ರನ್‌ವೇ ಶುರುವಾಗುವಲ್ಲಿ ಎರಡೂ ಬದಿ ಮಿಣುಕುವ ಬಿಳಿ ದೀಪ. ಸಿಟಿಎಎಫ್ ಅಂದರೆ ಟವರ್ ಇಲ್ಲದಾಗ ಎಲ್ಲ ಪೈಲಟ್‌ಗಳೂ ಮಾತಾಡುವ ಸಾಮಾನ್ಯ ಫ್ರೀಕ್ವೆನ್ಸಿ.

ಈ ಸಾಲಿನಲ್ಲಿ ಮೂರು ವಿಷಯ ಹುಡುಕಿ ನೀಬೋರ್ಡ್ ಮೇಲೆ ದೊಡ್ಡದಾಗಿ ಬರೆದುಕೊಳ್ಳಿ.

ಒಂದು, ದೀಪಕ್ಕೆ ಯಾವ ಫ್ರೀಕ್ವೆನ್ಸಿ. ಸಾಮಾನ್ಯವಾಗಿ ಸಿಟಿಎಎಫ್ ಫ್ರೀಕ್ವೆನ್ಸಿಯೇ. ಆದರೆ ಎಲ್ಲ ಕಡೆ ಅಲ್ಲ. ಕೆಲವೆಡೆ ದೀಪಕ್ಕೇ ಬೇರೆ ಫ್ರೀಕ್ವೆನ್ಸಿ ಕೊಟ್ಟಿರುತ್ತಾರೆ. ಹಗಲಲ್ಲಿ ಆ ಏರ್‌ಪೋರ್ಟಿಗೆ ಹತ್ತು ಸಲ ಹೋಗಿ ಬಂದವರೂ ಇಲ್ಲಿ ಎಡವುತ್ತಾರೆ, ಯಾಕೆಂದರೆ ಹಗಲಲ್ಲಿ ಈ ಸಾಲು ಯಾರೂ ಓದುವುದಿಲ್ಲ.

ಎರಡು, ಯಾವ ರನ್‌ವೇಗೆ. ಎರಡು ರನ್‌ವೇ ಇರುವ ಕಡೆ ಒಂದಕ್ಕೆ ಮಾತ್ರ ದೀಪ ಇರಬಹುದು. ಗಾಳಿ ನೋಡಿ ಇನ್ನೊಂದನ್ನು ಆರಿಸಿಕೊಂಡರೆ ಎಷ್ಟು ಒತ್ತಿದರೂ ಅದು ಕತ್ತಲೇ.

ಮೂರು, ರಾತ್ರಿಯಿಡೀ ಉರಿಯುವ ದೀಪ ಏನಾದರೂ ಇದೆಯಾ. ಕೆಲವು ಏರ್‌ಪೋರ್ಟ್‌ಗಳಲ್ಲಿ ಅಂಚಿನ ದೀಪ ಸಂಜೆಯಿಂದ ಬೆಳಗಿನವರೆಗೆ ಕಡಿಮೆ ಬೆಳಕಿನಲ್ಲಿ ಹೊತ್ತಿರುತ್ತದೆ. ಜಾಸ್ತಿ ಬೇಕಾದರೆ ಮಾತ್ರ ಒತ್ತಬೇಕು. ಅಲ್ಲಿ 3 ಸಲ ಒತ್ತಿದರೆ ಏನೂ ಬದಲಾಗುವುದಿಲ್ಲ. ಹೊಸಬರು ಕೆಟ್ಟಿದೆ ಅಂದುಕೊಳ್ಳುತ್ತಾರೆ.

ಆಮೇಲೆ ನೋಟಾಮ್. ರನ್‌ವೇ ದೀಪ ಕೆಲಸ ಮಾಡುತ್ತಿಲ್ಲ, ಪಾಪಿ ಕೆಲಸ ಮಾಡುತ್ತಿಲ್ಲ, ಪಿಸಿಎಲ್ ಕೆಲಸ ಮಾಡುತ್ತಿಲ್ಲ ಎಂಬ ಮೂರೂ ಬೇರೆ ಬೇರೆ ನೋಟಾಮ್. ದೀಪ ಸರಿ ಇದ್ದು ರಿಸೀವರ್ ಕೆಟ್ಟಿದ್ದರೆ ಏರ್‌ಪೋರ್ಟಿನವರು ಕೈಯಿಂದಲೇ ಹಚ್ಚಿಟ್ಟಿರಬಹುದು, ಇಲ್ಲದೆಯೂ ಇರಬಹುದು. ಫೋನ್ ಮಾಡಿ ಕೇಳಿ. ಎರಡು ನಿಮಿಷದ ಕೆಲಸ.

ಹೊರಡುವ ಮುಂಚೆಯೇ ಇನ್ನೊಂದು ಏರ್‌ಪೋರ್ಟ್ ಗುರುತು ಮಾಡಿಕೊಳ್ಳಿ. ರಾತ್ರಿಯಿಡೀ ಟವರ್ ಇರುವಂಥದ್ದಾದರೆ ಉತ್ತಮ. ರಾತ್ರಿ ವಿಎಫ್‌ಆರ್ ಹಾರಾಟಕ್ಕೆ, ಅಂದರೆ ಹೊರಗೆ ಕಣ್ಣಲ್ಲಿ ನೋಡಿಕೊಂಡು ಹಾರುವುದಕ್ಕೆ, ಅಮೆರಿಕದ ನಿಯಮ ಕೇಳುವುದು ಗುರಿ ಮುಟ್ಟಿದ ಮೇಲೂ 45 ನಿಮಿಷ ಹಾರುವಷ್ಟು ಇಂಧನ. ಆ 45 ನಿಮಿಷದಲ್ಲಿ ನೀವು ಮುಟ್ಟಬಹುದಾದ ದೀಪವಿರುವ ಜಾಗ ಯಾವುದು ಅಂತ ಹೆಸರು ಬರೆದುಕೊಳ್ಳಿ. "ಆಗ ನೋಡಿಕೊಂಡರಾಯಿತು" ಅಂತ ಬಿಡಬೇಡಿ.

## ಹಂತ 2: ನೆಲದ ಮೇಲೆ ಬೆರಳು ಪಳಗಿಸಿ

ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನನಗೆ ಇದು ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ, ಅದಕ್ಕೇ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

5 ಸೆಕೆಂಡಿನಲ್ಲಿ 7 ಸಲ ಒತ್ತುವುದು ಎಂದರೆ ಒಂದೊಂದಕ್ಕೆ ಸುಮಾರು 0.7 ಸೆಕೆಂಡ್. ಹೆದರಿದ ಕೈ ಇದನ್ನು ಎರಡು ರೀತಿಯಲ್ಲಿ ಹಾಳು ಮಾಡುತ್ತದೆ. ಕೆಲವರು ಟೆಲಿಗ್ರಾಫ್ ಬಡಿದ ಹಾಗೆ ಪಟಪಟ ಒತ್ತುತ್ತಾರೆ. ಆಗ ಎರಡು ಒತ್ತು ಒಂದಾಗಿ ಬೆಸೆದುಕೊಳ್ಳುತ್ತವೆ, ರಿಸೀವರ್‌ಗೆ ಕಾಣುವುದು ಐದೋ ಆರೋ. ಇನ್ನು ಕೆಲವರು ಒಂದೊಂದು ಸಲವೂ ಹೊರಗೆ ಇಣುಕುತ್ತಾ ಒತ್ತುತ್ತಾರೆ. ಏಳನೆಯದು ಬರುವಷ್ಟರಲ್ಲಿ 5 ಸೆಕೆಂಡ್ ದಾಟಿರುತ್ತದೆ.

ನಾನು ಹೇಳಿಕೊಡುವುದು ಹೀಗೆ. ಬಾಯಲ್ಲಿ ಕನ್ನಡದಲ್ಲೇ ಎಣಿಸಿ. ಒಂದು, ಎರಡು, ಮೂರು, ನಾಲ್ಕು, ಐದು, ಆರು, ಏಳು. ಮಕ್ಕಳಿಗೆ ಎಣಿಸಿ ತೋರಿಸುವ ವೇಗ, ಅದಕ್ಕಿಂತ ನಿಧಾನ ಬೇಡ. ಅಂಕಿಯ ಶುರುವಿಗೆ ಒತ್ತಿ, ಅಂಕಿಯ ಕೊನೆಗೆ ಬಿಡಿ. ಪೂರ್ತಿ ಒತ್ತಬೇಕು, ಪೂರ್ತಿ ಬಿಡಬೇಕು. ಕೈಗಡಿಯಾರ ನೋಡಿಕೊಂಡು ಮಾಡಿದರೆ ನಾಲ್ಕು, ನಾಲ್ಕೂವರೆ ಸೆಕೆಂಡಿಗೆ ಮುಗಿಯುತ್ತದೆ. ಊಟದ ಮೇಜಿನ ಮೇಲೆ ಚಮಚ ಕುಟ್ಟಿಯೂ ಅಭ್ಯಾಸ ಮಾಡಬಹುದು. ವಿಮಾನದೊಳಗೆ ಮಾಡುವುದಾದರೆ ರೇಡಿಯೋ ಆಫ್ ಇರಲಿ, ಸುಮ್ನೆ ಬೇರೆಯವರ ಕಿವಿಗೆ ಟಿಕ್ ಟಿಕ್ ಕೇಳಿಸುವುದು ಬೇಡ.

ಒಂದು ಸಂಜೆ ಬೋಧಕರ ಜೊತೆ ರನ್‌ವೇ ಕಾಣುವ ಕಡೆ ವಿಮಾನ ನಿಲ್ಲಿಸಿಕೊಂಡು ನಿಜವಾಗಿಯೂ ಒತ್ತಿ ನೋಡಿ. ಮೊದಲು ಫ್ರೀಕ್ವೆನ್ಸಿಯಲ್ಲಿ ಕೇಳಿ, ಯಾರೂ ಇಳಿಯುತ್ತಿಲ್ಲ ಅಂತ ಖಚಿತ ಮಾಡಿಕೊಳ್ಳಿ. 7 ಒತ್ತಿ ನೋಡಿ, 5 ಒತ್ತಿ ನೋಡಿ, 3 ಒತ್ತಿ ನೋಡಿ. ನಂತರ ಮತ್ತೆ 7. ಬೆಳಕು ಏರಿ ಇಳಿಯುವುದನ್ನು ಒಮ್ಮೆ ಕಣ್ಣಾರೆ ಕಂಡರೆ ಆಮೇಲೆ ಆಕಾಶದಲ್ಲಿ ಗೊಂದಲ ಇರುವುದಿಲ್ಲ.

## ಹಂತ 3: ಹೊರಡುವಾಗಲೂ ದೀಪ ನಿಮ್ಮದೇ

ದೀಪ ಇಳಿಯುವುದಕ್ಕೆ ಮಾತ್ರ ಅಂದುಕೊಳ್ಳಬೇಡಿ. ಟ್ಯಾಕ್ಸಿ, ಅಂದರೆ ನೆಲದ ಮೇಲೆ ವಿಮಾನ ಓಡಿಸುವುದು, ಶುರು ಮಾಡುವ ಮುಂಚೆ ಒಮ್ಮೆ ಹಚ್ಚಿ. ಬಹಳ ಕಡೆ ಟ್ಯಾಕ್ಸಿವೇಯ ನೀಲಿ ದೀಪಗಳೂ ಅದರ ಜೊತೆಗೇ ಬರುತ್ತವೆ. ರನ್-ಅಪ್ (ಹೊರಡುವ ಮುಂಚಿನ ಎಂಜಿನ್ ಪರೀಕ್ಷೆ), ಚೆಕ್‌ಲಿಸ್ಟ್ ಎಲ್ಲ ಮುಗಿಸುವಷ್ಟರಲ್ಲಿ ಹತ್ತು ನಿಮಿಷ ಕಳೆದಿರುತ್ತದೆ. ಹಾಗಾಗಿ ರನ್‌ವೇ ಮೇಲೆ ಹೋಗುವ ಮುಂಚೆ ಮತ್ತೆ 7 ಒತ್ತಿ.

ಏಕೆ ಗೊತ್ತಾ? ಎತ್ತರ ಏರುವಾಗ ಎಂಜಿನ್ ಏನಾದರೂ ಸದ್ದು ಬದಲಿಸಿದರೆ ನೀವು ತಿರುಗಿ ಬರಬೇಕಾದ್ದು ಇದೇ ರನ್‌ವೇಗೆ. ಆ ಹೊತ್ತಿನಲ್ಲಿ ಬಟನ್ ಎಣಿಸಲು ಮನಸ್ಸು ಇರುವುದಿಲ್ಲ. ರನ್‌ವೇ ಮೊದಲೇ ಬೆಳಗಿರಬೇಕು.

## ಹಂತ 4: ಒತ್ತುವ ಮುಂಚೆ ರೇಡಿಯೋ ನೋಡಿ

ಈಗ ಇಳಿಯಲು ಬರುತ್ತಿದ್ದೀರಿ. ಬೆರಳು ಬಟನ್ ಮೇಲೆ ಹೋಗುವ ಮುಂಚೆ ಕಣ್ಣು ಮೂರು ಕಡೆ ಹೋಗಬೇಕು.

ಮೊದಲು ಫ್ರೀಕ್ವೆನ್ಸಿ. ನೀಬೋರ್ಡ್ ಮೇಲೆ ಬರೆದದ್ದೂ ರೇಡಿಯೋದಲ್ಲಿರುವುದೂ ಒಂದೇನಾ? ಅದು ಆಕ್ಟಿವ್ ಜಾಗದಲ್ಲಿದೆಯಾ, ಇನ್ನೂ ಸ್ಟ್ಯಾಂಡ್‌ಬೈನಲ್ಲೇ ಕೂತಿದೆಯಾ? 122.8 ಅಂತ ತಿರುಗಿಸಿ, ಅದಲುಬದಲು ಮಾಡುವ ಬಟನ್ ಒತ್ತುವುದನ್ನು ಮರೆಯುವವರು ಬಹಳ.

ಎರಡನೆಯದು ಆಡಿಯೋ ಪ್ಯಾನಲ್, ಅಂದರೆ ಯಾವ ರೇಡಿಯೋದಲ್ಲಿ ಮಾತಾಡಬೇಕು, ಯಾವುದು ಕೇಳಬೇಕು ಅಂತ ಆರಿಸುವ ಬಟನ್‌ಗಳು. ಒಂದು ರಾತ್ರಿಯ ಕಥೆ ಹೇಳುತ್ತೇನೆ. ಡೌನ್‌ವಿಂಡ್‌ನಲ್ಲಿದ್ದೆವು, ಅಂದರೆ ಇಳಿಯುವ ದಿಕ್ಕಿಗೆ ಎದುರಾಗಿ ರನ್‌ವೇ ಪಕ್ಕದಲ್ಲಿ ಹಾರುತ್ತಿದ್ದೆವು. ಪಕ್ಕದ ಹುಡುಗ ಅಚ್ಚುಕಟ್ಟಾಗಿ ಏಳು ಸಲ ಒತ್ತಿದ. ಕೆಳಗೆ ಕತ್ತಲು. ಇನ್ನೊಮ್ಮೆ ಏಳು. ಮತ್ತೂ ಕತ್ತಲು. "ಹೋಗಿದೆ ಸರ್" ಅಂದ. ಅಷ್ಟರಲ್ಲಿ ಹೆಡ್‌ಸೆಟ್‌ನಲ್ಲಿ ಅಪ್ರೋಚ್ ಕಂಟ್ರೋಲರ್ (ಆ ಪ್ರದೇಶದ ವಿಮಾನಗಳನ್ನು ರೇಡಾರ್‌ನಲ್ಲಿ ನೋಡಿಕೊಳ್ಳುವವರು) ಧ್ವನಿ ಬಂತು, ಯಾರೋ ಬಟನ್ ಒತ್ತುತ್ತಿದ್ದೀರಿ ಅಂತ. ಮೈಕ್ ಇನ್ನೂ ಕಾಮ್ 2, ಅಂದರೆ ಎರಡನೇ ರೇಡಿಯೋ ಮೇಲಿತ್ತು. ಏರ್‌ಪೋರ್ಟ್ ಫ್ರೀಕ್ವೆನ್ಸಿ ಇದ್ದದ್ದು ಕಾಮ್ 1ರಲ್ಲಿ. ಎರಡೂ ರೇಡಿಯೋ ಕಿವಿಗೆ ಕೇಳುತ್ತಿದ್ದರಿಂದ ಇಬ್ಬರಿಗೂ ಗೊತ್ತಾಗಲಿಲ್ಲ. ಅವತ್ತಿಂದ ನಾನು ಮೈಕ್ ಯಾವ ರೇಡಿಯೋ ಮೇಲಿದೆ ಎಂದು ಬೆರಳಿಟ್ಟು ಮುಟ್ಟಿ ನೋಡದೆ ಒತ್ತಲು ಬಿಡುವುದಿಲ್ಲ. ಕೇಳುವ ಬಟನ್ ಬೇರೆ, ಮಾತಾಡುವ ಬಟನ್ ಬೇರೆ.

ಮೂರನೆಯದು ಕಿವಿ. ಫ್ರೀಕ್ವೆನ್ಸಿಯಲ್ಲಿ ಯಾರಾದರೂ ಮಾತಾಡುತ್ತಿದ್ದಾರಾ? ಅವರು ಮಾತಾಡುವಾಗ ನೀವು ಒತ್ತಿದರೆ ರಿಸೀವರ್‌ಗೆ ಎರಡೂ ಕಲಸಿಹೋಗುತ್ತವೆ. ಅವರ ಮಾತೂ ಹಾಳು, ನಿಮ್ಮ ಎಣಿಕೆಯೂ ಹಾಳು. ಅವರು ಮುಗಿಸಲಿ.

## ಹಂತ 5: ಮೊದಲು 7, ಯಾವಾಗಲೂ 7

ಬೆಳಕು ಕಡಿಮೆ ಸಾಕು ಅನ್ನಿಸಿದರೂ ಮೊದಲು 7 ಒತ್ತಿ. ಇದರಿಂದ ಬಟನ್ನಿಗೆ ಬಗ್ಗುವ ಎಲ್ಲ ದೀಪಗಳೂ ಪೂರ್ತಿ ಬೆಳಕಿಗೆ ಬರುತ್ತವೆ. ತಗ್ಗಿಸುವುದು ಆಮೇಲೆ.

ಒತ್ತುವಾಗ ರೇಡಿಯೋ ಪರದೆ ನೋಡಿ. ಒಂದೊಂದು ಒತ್ತಿಗೂ ಟ್ರಾನ್ಸ್‌ಮಿಟ್ ಗುರುತು ಹೊತ್ತಿ ಆರುತ್ತದೆ. ಏಳು ಸಲ ಮಿಣುಕಿತಾ? ಹಾಗಾದರೆ ನಿಮ್ಮ ಕಡೆಯ ಕೆಲಸ ಸರಿಯಾಗಿದೆ. ಕೊನೆಯದರ ಮೇಲೆ ಆ ಗುರುತು ಆರಿದೆ ಅಂತಲೂ ಖಚಿತ ಮಾಡಿಕೊಳ್ಳಿ. ಬಟನ್ ಸಿಕ್ಕಿಹಾಕಿಕೊಂಡು ಒತ್ತಿದ ಹಾಗೇ ಉಳಿದರೆ ಇಡೀ ಫ್ರೀಕ್ವೆನ್ಸಿ ಬಂದ್ ಆಗುತ್ತದೆ, ಬೇರೆ ಯಾರೂ ಮಾತಾಡಲು ಆಗುವುದಿಲ್ಲ.

ಒಬ್ಬರೇ ಒತ್ತಿ. ಬೋಧಕರೂ ವಿದ್ಯಾರ್ಥಿಯೂ ಸಹಾಯ ಮಾಡಲು ಹೋಗಿ ಇಬ್ಬರೂ ಒತ್ತಿದರೆ ಎಣಿಕೆ ಏನಾಯಿತೋ ಯಾರಿಗೂ ಗೊತ್ತಾಗುವುದಿಲ್ಲ. ಎಣಿಕೆ ತಪ್ಪಿದರೆ ಮಧ್ಯದಲ್ಲಿ ಇನ್ನೊಂದೆರಡು ಸೇರಿಸಬೇಡಿ. ಐದಾರು ಸೆಕೆಂಡ್ ಕೈ ಬಿಡಿ, ಮತ್ತೆ ಒಂದರಿಂದ ಶುರು ಮಾಡಿ.

ಎಷ್ಟು ದೂರದಿಂದ ಒತ್ತಬೇಕು? ಅಕ್ಕಪಕ್ಕದ ಎಷ್ಟೋ ಸಣ್ಣ ಏರ್‌ಪೋರ್ಟ್‌ಗಳು ಒಂದೇ ಫ್ರೀಕ್ವೆನ್ಸಿ ಹಂಚಿಕೊಂಡಿರುತ್ತವೆ. ಒಬ್ಬರು ಒತ್ತಿದರೆ ನಾಲ್ಕು ಊರಿನ ದೀಪ ಹೊತ್ತಬಾರದು ಅಂತ ರಿಸೀವರ್‌ನ ಕಿವಿಯನ್ನು ಬೇಕಂತಲೇ ಮಂದ ಮಾಡಿರುತ್ತಾರೆ. ಹತ್ತಿರ ಬಂದರೆ ಮಾತ್ರ ಕೇಳುತ್ತದೆ. ನಾನು 10 ಮೈಲಿನಲ್ಲಿ ಒಮ್ಮೆ ಒತ್ತಿ ನೋಡುತ್ತೇನೆ. ಬಂದರೆ ಸಂತೋಷ, ಬರದಿದ್ದರೆ ಗಾಬರಿ ಇಲ್ಲ. 5 ಮೈಲಿನಲ್ಲಿ ಮತ್ತೆ ಒತ್ತುತ್ತೇನೆ.

## ಹಂತ 6: ಹೊತ್ತಿದ್ದು ನಿಮ್ಮ ರನ್‌ವೇ ತಾನೇ?

ದೀಪ ಬಂತು ಅಂತ ಖುಷಿಯಲ್ಲಿ ಅದರ ಕಡೆ ಮೂಗು ತಿರುಗಿಸಬೇಡಿ. ಒಂದೇ ಫ್ರೀಕ್ವೆನ್ಸಿಯ ಪಕ್ಕದ ಊರಿನ ರನ್‌ವೇಯೂ ಅದೇ ಬಟನ್ನಿಗೆ ಹೊತ್ತಿರಬಹುದು.

ರನ್‌ವೇ ಯಾವ ದಿಕ್ಕಿಗೆ ಮಲಗಿದೆ ಅಂತ ಹೆಡಿಂಗ್ (ದಿಕ್ಸೂಚಿ ತೋರಿಸುವ ದಿಕ್ಕು) ಜೊತೆ ತಾಳೆ ನೋಡಿ. 09 ರನ್‌ವೇ ಆದರೆ ಫೈನಲ್‌ನಲ್ಲಿ, ಅಂದರೆ ರನ್‌ವೇಗೆ ನೇರವಾಗಿ ಇಳಿಯುವ ಕೊನೆಯ ದಾರಿಯಲ್ಲಿ, ನಿಮ್ಮ ಮೂಗು ಸುಮಾರು 090 ತೋರಿಸಬೇಕು. ಜಿಪಿಎಸ್‌ನಲ್ಲಿ ಏರ್‌ಪೋರ್ಟಿಗೆ ಎಷ್ಟು ದೂರ ಅಂತ ನೋಡಿ. ತಿರುಗುವ ಬೀಕನ್ ನೋಡಿ: ಬಿಳಿ, ಹಸಿರು, ಬಿಳಿ, ಹಸಿರು ಅಂದರೆ ಸಾರ್ವಜನಿಕ ಏರ್‌ಪೋರ್ಟ್. ಎರಡು ಬಿಳಿ, ಆಮೇಲೆ ಒಂದು ಹಸಿರು ಬಂದರೆ ಅದು ಸೇನೆಯದು, ಅಲ್ಲಿಂದ ದೂರ ಹೋಗಿ.

ಇನ್ನೊಂದು ಪರೀಕ್ಷೆ ಇದೆ. 7 ಒತ್ತಿ ಹೊತ್ತಿದ ದೀಪಕ್ಕೆ ಈಗ 5 ಒತ್ತಿ. ಬೆಳಕು ಇಳಿದರೆ ಅದು ನಿಮ್ಮ ಬಟನ್ ಕೇಳುತ್ತಿದೆ. ಇಳಿಯದಿದ್ದರೆ ಅದು ಒಂದೇ ಹಂತದ ದೀಪ ಇರಬಹುದು, ಬೇರೆಯವರ ರನ್‌ವೇಯೂ ಇರಬಹುದು. ಈ ಪರೀಕ್ಷೆ ಒಂದನ್ನೇ ನಂಬಬೇಡಿ, ದಿಕ್ಕು ಮತ್ತು ದೂರ ಸೇರಿಸಿ ನೋಡಿ. ಯಾರಾದರೂ ಫೈನಲ್‌ನಲ್ಲಿದ್ದರೆ ಈ ಪರೀಕ್ಷೆ ಮಾಡಲೇಬೇಡಿ.

ಬಣ್ಣಗಳು ನೆನಪಿರಲಿ. ರನ್‌ವೇ ಅಂಚು ಬಿಳಿ, ನಿಮ್ಮ ಕಡೆಯ ತುದಿ ಹಸಿರು, ಆ ಕಡೆಯ ತುದಿ ಕೆಂಪು, ಟ್ಯಾಕ್ಸಿವೇ ನೀಲಿ. ಇನ್‌ಸ್ಟ್ರುಮೆಂಟ್ ರನ್‌ವೇ ಆದರೆ ಕೊನೆಯ 2000 ಅಡಿ ಅಥವಾ ಅರ್ಧ ರನ್‌ವೇ, ಯಾವುದು ಕಡಿಮೆಯೋ ಅಷ್ಟರಲ್ಲಿ ಅಂಚಿನ ದೀಪ ಹಳದಿಯಾಗಿರುತ್ತದೆ. ಎರಡು ಸಾಲು ನೇರ ದೀಪ ಕಂಡಿತು, ತುದಿಯಲ್ಲಿ ಹಸಿರು ಇಲ್ಲ ಅಂದರೆ ಅದು ಹೆದ್ದಾರಿಯ ಬೀದಿ ದೀಪವೂ ಆಗಿರಬಹುದು.

## ಹಂತ 7: ಬೆಳಕು ತಗ್ಗಿಸಿ, ಆದರೆ ಕೇಳಿಕೊಂಡು

ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಸುಮಾರು 30 ನಿಮಿಷ ಬೇಕು. ಪೂರ್ತಿ ಬೆಳಕಿನ ರನ್‌ವೇಯನ್ನು ನೋಡುತ್ತಾ ಇಳಿದರೆ ಆ ಹೊಂದಾಣಿಕೆ ಹೋಗುತ್ತದೆ, ನೆಲ ಎಷ್ಟು ಕೆಳಗಿದೆ ಅಂತ ಅಂದಾಜೇ ಸಿಗುವುದಿಲ್ಲ. ಪ್ರಖರ ದೀಪ ಹತ್ತಿರ ಇದ್ದ ಹಾಗೆ ಕಾಣುತ್ತದೆ. ಅದನ್ನು ನಂಬಿದವರು ಬೇಕಾದ್ದಕ್ಕಿಂತ ಎತ್ತರದಲ್ಲಿ ಬರುತ್ತಾರೆ. ರನ್‌ವೇ ಗುರುತು ಸಿಕ್ಕಿದ ಮೇಲೆ ತಿಳಿ ರಾತ್ರಿಯಲ್ಲಿ 5 ಒತ್ತಿ ಮಧ್ಯಮಕ್ಕೆ ತನ್ನಿ. ಮಂಜು ಅಥವಾ ಮಳೆ ಇದ್ದರೆ ಪೂರ್ತಿ ಬೆಳಕೇ ಇರಲಿ.

ಕೆಲವು ಕಡೆ 5 ಅಥವಾ 3 ಒತ್ತಿದರೆ ರೀಲ್ ದೀಪ ಮಂದವಾಗುತ್ತದೆ ಇಲ್ಲವೇ ಆರಿಹೋಗುತ್ತದೆ. ಅದು ಕೆಟ್ಟಿದ್ದಲ್ಲ, ವ್ಯವಸ್ಥೆಯೇ ಹಾಗೆ.

ರನ್‌ವೇ ನಿಮ್ಮೊಬ್ಬರದ್ದಲ್ಲ ಅನ್ನುವುದು ಇಲ್ಲಿ ತುಂಬಾ ಮುಖ್ಯ. ಮುಂದೆ ಯಾರೋ ಇಳಿಯುತ್ತಿರುವಾಗ ನೀವು ಡೌನ್‌ವಿಂಡ್‌ನಿಂದ 3 ಒತ್ತಿದರೆ ಅವರ ಕಣ್ಣೆದುರೇ ರನ್‌ವೇ ಮಸುಕಾಗುತ್ತದೆ. "ಬೆಳಕು ಕಡಿಮೆ ಮಾಡಲಾ?" ಅಂತ ಫ್ರೀಕ್ವೆನ್ಸಿಯಲ್ಲಿ ಕೇಳಿ. ಒಂದು ವಾಕ್ಯ ಸಾಕು.

## ಹಂತ 8: ಫೈನಲ್‌ಗೆ ಮುಂಚೆ ಮತ್ತೆ ಒತ್ತಿ

ದೀಪ ಹೊತ್ತೇ ಇದೆ, ಯಾಕೆ ಒತ್ತಬೇಕು ಅನ್ನಿಸುತ್ತದೆ ಅಲ್ವಾ? ಆ ದೀಪ ಯಾರು ಯಾವಾಗ ಹಚ್ಚಿದ್ದು ಅಂತ ನಿಮಗೆ ಗೊತ್ತಿಲ್ಲ. ನಿಮಗಿಂತ ಮುಂಚೆ ಹೋದವರು 13 ನಿಮಿಷದ ಹಿಂದೆ ಹಚ್ಚಿದ್ದರೆ ನಿಮಗೆ ಉಳಿದಿರುವುದು 2 ನಿಮಿಷ. ನೀವು ಬೇಸ್ (ಫೈನಲ್‌ಗೆ ಮುಂಚಿನ ಅಡ್ಡ ದಾರಿ) ತಿರುಗಿ ಫೈನಲ್‌ಗೆ ಬರುವಷ್ಟರಲ್ಲಿ ಅದು ಆರಬಹುದು.

ಹಾಗಾಗಿ ಏರ್‌ಪೋರ್ಟ್ ಮೇಲೆ ಹಾದುಹೋಗುವಾಗ ಅಥವಾ ಫೈನಲ್‌ಗೆ ತಿರುಗುವ ಸ್ವಲ್ಪ ಮುಂಚೆ, ದೀಪ ಉರಿಯುತ್ತಿದ್ದರೂ ಮತ್ತೆ ಒತ್ತಿ. ನೀವು ಆಗ ಹತ್ತಿರ ಇರುತ್ತೀರಿ, ರಿಸೀವರ್‌ಗೆ ಖಂಡಿತ ಕೇಳುತ್ತದೆ, ಪೂರ್ತಿ 15 ನಿಮಿಷ ನಿಮ್ಮದಾಗುತ್ತದೆ. ಮಧ್ಯಮ ಬೆಳಕು ಬೇಕಿದ್ದರೆ 7 ಒತ್ತಿ ಆಮೇಲೆ 5. ಒತ್ತಿದ ಕೂಡಲೇ ಟೈಮರ್ ಶುರು ಮಾಡಿ. ಟಚ್ ಆಂಡ್ ಗೋ (ಇಳಿದ ಕೂಡಲೇ ನಿಲ್ಲದೆ ಮತ್ತೆ ಏರುವುದು) ಸುತ್ತು ಹೊಡೆಯುವವರು ಪ್ರತಿ ಸುತ್ತಿಗೂ ಡೌನ್‌ವಿಂಡ್‌ನಲ್ಲಿ ಒತ್ತುವ ಅಭ್ಯಾಸ ಇಟ್ಟುಕೊಂಡರೆ ಟೈಮರ್ ಮರೆತರೂ ನಡೆಯುತ್ತದೆ.

ಇಳಿಯುವಾಗ ಕಣ್ಣು ಪಾಪಿ ಮೇಲಿರಲಿ. ಎರಡು ಬಿಳಿ ಎರಡು ಕೆಂಪು ಇದ್ದರೆ ಸರಿ. ಮೂರು ಕೆಂಪಾದರೆ ಕೆಳಗಿದ್ದೀರಿ, ನಾಲ್ಕೂ ಕೆಂಪಾದರೆ ತುಂಬಾ ಕೆಳಗಿದ್ದೀರಿ. ಫ್ಲಾರಿಡಾದ ಎವರ್‌ಗ್ಲೇಡ್ಸ್ ಅಂಚಿನಲ್ಲೋ ಆರಿಜೋನಾದ ಮರುಭೂಮಿಯಲ್ಲೋ ರನ್‌ವೇ ಬಿಟ್ಟರೆ ಸುತ್ತ ಒಂದು ದೀಪವೂ ಇರುವುದಿಲ್ಲ. ಕಪ್ಪು ಬಾವಿಯ ಮೇಲೆ ಎರಡು ಸಾಲು ಮಣಿ ಇಟ್ಟ ಹಾಗೆ ಕಾಣುತ್ತದೆ. ಅಲ್ಲಿ ಕಣ್ಣು ಮೋಸ ಮಾಡುತ್ತದೆ, ಎತ್ತರ ಇದ್ದೀವಿ ಅನ್ನಿಸಿ ಪೈಲಟ್ ಕೆಳಗೆ ಕೆಳಗೆ ಬರುತ್ತಾನೆ. ಇಂಥ ಕಡೆ ಪಾಪಿ ಕೆಲಸ ಮಾಡುತ್ತಿಲ್ಲ ಅಂತ ನೋಟಾಮ್ ಇದ್ದರೆ ಹೊಸಬರು ಹೋಗಲೇಬಾರದು ಅನ್ನುವುದು ನನ್ನ ಅಭಿಪ್ರಾಯ.

ಫೈನಲ್‌ನಲ್ಲಿ ದೀಪ ಆರಿಹೋದರೆ? ಚಕ್ರ ನೆಲ ಮುಟ್ಟಿರದಿದ್ದರೆ ಗೋ-ಅರೌಂಡ್, ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವುದು. ಅಲ್ಲಿ ಬಟನ್ ಒತ್ತುತ್ತಾ ಕೂರಬೇಡಿ. ಮೊದಲು ಪೂರ್ತಿ ಪವರ್, ಮೂಗು ಮೇಲೆ, ಫ್ಲ್ಯಾಪ್ (ಇಳಿಯುವಾಗ ರೆಕ್ಕೆಯಿಂದ ಹೊರಚಾಚುವ ಹಲಗೆ) ಹಂತ ಹಂತವಾಗಿ ಒಳಗೆ, ವೇಗ ಮತ್ತು ಎತ್ತರ ಏರುತ್ತಿದೆ ಅಂತ ಖಾತ್ರಿ. ಸುರಕ್ಷಿತ ಎತ್ತರಕ್ಕೆ ಬಂದ ಮೇಲೆ ಏಳು ಸಲ ಒತ್ತಿ.

## ಹಂತ 9: ದೀಪ ಬರದಿದ್ದರೆ

ಮೊದಲು ಎತ್ತರ ಹಿಡಿದುಕೊಳ್ಳಿ. ರನ್‌ವೇ ಹುಡುಕುತ್ತಾ ಕೆಳಗಿಳಿಯಬೇಡಿ. ಪ್ಯಾಟರ್ನ್ (ಇಳಿಯಲು ರನ್‌ವೇ ಸುತ್ತ ಹಾರುವ ಸುತ್ತು) ಎತ್ತರಕ್ಕಿಂತ ಮೇಲಿದ್ದುಕೊಂಡೇ ಈ ಕ್ರಮದಲ್ಲಿ ನೋಡಿ.

1. ಫ್ರೀಕ್ವೆನ್ಸಿ ಮತ್ತೆ ಓದಿ, ಒಂದೊಂದು ಅಂಕಿಯಾಗಿ.

2. ಮೈಕ್ ಯಾವ ರೇಡಿಯೋ ಮೇಲಿದೆ ನೋಡಿ.

3. ಇನ್ನೂ ಹತ್ತಿರ ಹೋಗಿ, ಏರ್‌ಪೋರ್ಟ್ ಮೇಲೆಯೇ ಬಂದು ಒತ್ತಿ.

4. ಎಣಿಕೆ ಸ್ವಲ್ಪ ನಿಧಾನ ಮಾಡಿ. ಬೆಸೆದುಕೊಂಡ ಒತ್ತುಗಳು ಬಿಡಿಸಿಕೊಳ್ಳುತ್ತವೆ.

5. ಇನ್ನೊಂದು ರೇಡಿಯೋದಲ್ಲಿ ಅದೇ ಫ್ರೀಕ್ವೆನ್ಸಿ ಹಾಕಿ ಒತ್ತಿ. ಬಲಗಡೆಯ ಬಟನ್‌ನಿಂದಲೂ ನೋಡಿ. ಹಳೆಯ ತರಬೇತಿ ವಿಮಾನಗಳಲ್ಲಿ ಬಟನ್ ಸವೆದಿರುವುದು ಸಾಮಾನ್ಯ.

6. ಫ್ರೀಕ್ವೆನ್ಸಿಯಲ್ಲಿ ಬೇರೆ ಯಾರಾದರೂ ಹತ್ತಿರ ಇದ್ದಾರಾ ಕೇಳಿ. ಇದ್ದರೆ ಅವರು ಒತ್ತಿಕೊಡಲಿ.

ಇಷ್ಟಕ್ಕೆಲ್ಲ ಸಮಯದ ಮಿತಿ ಇಟ್ಟುಕೊಳ್ಳಿ. ನನ್ನದು 10 ನಿಮಿಷ. ಅಷ್ಟರಲ್ಲಿ ಬರದಿದ್ದರೆ ಬರೆದುಕೊಂಡ ಇನ್ನೊಂದು ಏರ್‌ಪೋರ್ಟಿಗೆ ತಿರುಗಿ, ಹತ್ತಿರದ ಅಪ್ರೋಚ್ ಕಂಟ್ರೋಲ್‌ಗೆ ಹೇಳಿ. ಅವರು ಸಹಾಯ ಮಾಡುತ್ತಾರೆ, ಸಂಕೋಚ ಬೇಡ. "ಲ್ಯಾಂಡಿಂಗ್ ಲೈಟ್ ಇದೆಯಲ್ಲ, ಇಳಿಸಿಬಿಡೋಣ" ಅನ್ನುವ ಯೋಚನೆ ಬಂದರೆ ಅದೇ ದೊಡ್ಡ ಅಪಾಯದ ಸೂಚನೆ. ಲ್ಯಾಂಡಿಂಗ್ ಲೈಟ್ ಮುಂದಿನ ಕೆಲವೇ ನೂರು ಅಡಿ ತೋರಿಸುತ್ತದೆ. ರನ್‌ವೇ ಎಲ್ಲಿದೆ ಅಂತ ಅದು ಹೇಳುವುದಿಲ್ಲ.

## ಹಂತ 10: ಇಳಿದ ಮೇಲೆ

ರನ್‌ವೇ ಬಿಟ್ಟು ಹೊರಬಂದ ಮೇಲೆ ನಿಂತು ಟೈಮರ್ ನೋಡಿ. ಟ್ಯಾಕ್ಸಿ ಉದ್ದ ಇದ್ದರೆ ಇನ್ನೊಮ್ಮೆ ಒತ್ತಿ. ನಡುದಾರಿಯಲ್ಲಿ ನೀಲಿ ದೀಪ ಆರಿಹೋದರೆ ಹುಲ್ಲಿಗೆ ಇಳಿಯುವುದು ಸುಲಭ. ಹೊರಟು ಹೋಗುವಾಗ ದೀಪ ಆರಿಸಬೇಕಾ ಅಂತ ಕೇಳುತ್ತಾರೆ. ಬೇಡ, ತಾನೇ ಆರುತ್ತದೆ. ಅವತ್ತು ಏನಾದರೂ ದೀಪ ಹೊತ್ತಿರಲಿಲ್ಲ ಅಂದರೆ ಮಾತ್ರ ಏರ್‌ಪೋರ್ಟಿನವರಿಗೆ ಫೋನ್ ಮಾಡಿ ತಿಳಿಸಿ. ನಾಳೆ ರಾತ್ರಿ ಬರುವವರಿಗೆ ನೋಟಾಮ್ ಆಗಿ ಅದು ಮುಟ್ಟುತ್ತದೆ.

## ಬೇರೆ ದೇಶಗಳಲ್ಲಿ

ಕೆನಡಾದಲ್ಲಿ ಇದಕ್ಕೆ ಆರ್ಕಲ್ ಅನ್ನುತ್ತಾರೆ. ಅಲ್ಲಿ ಎರಡು ಬಗೆ. ಜೆ ಬಗೆಗೆ 5 ಸೆಕೆಂಡಿನಲ್ಲಿ 5 ಸಲ. ಕೆ ಬಗೆಗೆ ಅಮೆರಿಕದ ಹಾಗೆ ಮೊದಲು 7, ಆಮೇಲೆ ಬೇಕಾದಂತೆ 7, 5, 3. ಯಾವ ಬಗೆ ಅಂತ ಅಲ್ಲಿನ ಏರ್‌ಪೋರ್ಟ್ ಪುಸ್ತಕದಲ್ಲಿ ಬರೆದಿರುತ್ತದೆ.

ಆಸ್ಟ್ರೇಲಿಯಾದಲ್ಲಿ ಬೆರಳಿನ ಲಯವೇ ಬೇರೆ. ಅಲ್ಲಿ ಮೂರೇ ಒತ್ತು, ಆದರೆ ಉದ್ದ ಒತ್ತು. ಅಮೆರಿಕದಲ್ಲಿ ಕಲಿತ ಪಟಪಟ ಕೈ ಅಲ್ಲಿ ನಡೆಯುವುದಿಲ್ಲ. ಅಲ್ಲಿ ಒಂದು ಒಳ್ಳೆಯ ಏರ್ಪಾಡು ಇದೆ: ದೀಪ ಆರಲು 10 ನಿಮಿಷ ಇರುವಾಗ ಗಾಳಿಚೀಲದ ದೀಪ ಮಿಣುಕಲು ಶುರುವಾಗುತ್ತದೆ. ಅದು ಕಂಡರೆ ಮತ್ತೆ ಒತ್ತಿ.

ಭಾರತಕ್ಕೆ ವಾಪಸ್ ಬರುವವರಿಗೆ ಒಂದು ಮಾತು. ಡಿಜಿಸಿಎ (ಭಾರತದ ವಿಮಾನಯಾನ ನಿಯಂತ್ರಕ ಸಂಸ್ಥೆ) ಕಮರ್ಷಿಯಲ್ ಲೈಸೆನ್ಸ್‌ಗೆ 5 ಗಂಟೆ ರಾತ್ರಿ ಹಾರಾಟ, ಅದರಲ್ಲಿ ಪೈಲಟ್-ಇನ್-ಕಮಾಂಡ್ (ವಿಮಾನದ ಹೊಣೆ ಹೊತ್ತ ಪೈಲಟ್) ಆಗಿ 10 ಟೇಕ್‌ಆಫ್, 10 ಲ್ಯಾಂಡಿಂಗ್ ಬೇಕು. ನಮ್ಮವರು ಎಷ್ಟೋ ಜನ ಇದನ್ನು ಅಮೆರಿಕದ ಈ ಸಣ್ಣ ರನ್‌ವೇಗಳ ಮೇಲೆಯೇ ಮುಗಿಸುತ್ತಾರೆ. ಹಾಗೆ ಕೈಗೆ ಬಂದ ಅಭ್ಯಾಸದಲ್ಲಿ ಭಾರತದಲ್ಲಿ ಫೈನಲ್‌ನಲ್ಲಿ ಬಟನ್ ಒತ್ತಬೇಡಿ. ಅಲ್ಲಿ ದೀಪದ ಬೆಳಕು ಟವರ್‌ನವರ ಕೈಯಲ್ಲಿದೆ. ಜಾಸ್ತಿ ಬೇಕೋ ಕಡಿಮೆ ಬೇಕೋ, ಅವರಿಗೆ ಬಾಯಿಬಿಟ್ಟು ಹೇಳಿ.